ಸಿಂಗಟಾಲೂರಿನ ಮೀಸೆ ಮೀನು ಯಾರ ಖಾತೆಗೆ?

ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ತಿರುವುತ್ತ ತಲೆ ಹಣ್ಣಾದವನಿಗೆ ಮೀನಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅದರಲ್ಲೂ ನಮ್ಮದು ಒಲೆಯ ಮೇಲೆ ಮೀನು ಏರದ ಮನೆ. ಎಪ್ಪತ್ತು ದಾಟಿದ ಮೇಲೆ ನನಗೆ ಈ ಉಸಾಬರಿ ಅಂಟಿಸಿದವಳು ಆರನೆಯ ತರಗತಿ ಓದುವ ನನ್ನ ಮೊಮ್ಮಗಳು.

ಕಳೆದ ಬೇಸಿಗೆ ರಜೆಗೆ ಆಕೆ ಹುಬ್ಬಳ್ಳಿಯಿಂದ ಗದಗಿಗೆ ಬಂದಿದ್ದಳು. ಶಾಲೆಯಲ್ಲಿ ರಜೆಯ ಕೆಲಸ ಕೊಟ್ಟಿದ್ದರು. ಅಜ್ಜನ ಊರಿನ ಕಡೆಯ ಒಂದು ಪ್ರಾಣಿಯನ್ನೋ ಪಕ್ಷಿಯನ್ನೋ ಸ್ವತಃ ನೋಡಿ, ಚಿತ್ರ ಬರೆದು, ಅದರ ಸರಿಯಾದ ಹೆಸರು ಬರೆದು ತರಬೇಕು. ಶಾಲೆ ತೆರೆದ ಮೇಲೆ ಅದರದೇ ಪ್ರದರ್ಶನ. ನಾನು ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತಿನ ಹೆಸರು ಹೇಳಿದೆ. "ಅವು ಥಂಡಿ ದಿನದಾಗ ಬರ್ತಾವ ಅಜ್ಜಾ, ಈಗ ಎಲ್ಲಿ ನೋಡ್ಲಿ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಎರಡು ದಿನ ಬಿಟ್ಟು ಸಿಂಗಟಾಲೂರಿನ ವೀರಭದ್ರೇಶ್ವರನ ದರ್ಶನಕ್ಕೆ ಮನೆಮಂದಿಯೆಲ್ಲ ಹೊರಟೆವು. ಗದಗಿನಿಂದ ಮುಂಡರಗಿ, ಅಲ್ಲಿಂದ ಮುಂದೆ ತುಂಗಭದ್ರೆಯ ದಂಡೆ. ದರ್ಶನ ಮುಗಿಸಿ ಬುತ್ತಿ ಬಿಚ್ಚಿ, ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ತಿಂದೆವು. ಕೈ ತೊಳೆಯಲು ಹೊಳೆಗೆ ಇಳಿದಾಗ ಹರಗೋಲು ದಂಡೆಗೆ ಎಳೆದು ಒಬ್ಬ ಹಿರಿಯರು ಬಲೆ ಬಿಡಿಸುತ್ತಿದ್ದರು. ಬಲೆಯ ಕಣ್ಣಿಗೆ ಒಂದು ಸಣ್ಣ ಮೀನು ಸಿಕ್ಕಿಕೊಂಡಿತ್ತು. ಬೆಳ್ಳಿ ಬೂದಿ ಬಣ್ಣ, ಮೈಗೆ ಹುರುಪೆ ಇಲ್ಲ, ನನ್ನ ಅಂಗೈಗಿಂತ ತುಸು ಉದ್ದ. ಬಾಯಿಯ ಸುತ್ತ ದಾರದಂಥ ಮೀಸೆಗಳು.

"ಅಜ್ಜಾ, ಇದಕ ಮೀಸಿ ಅದಾವ!" ಎಂದು ಮೊಮ್ಮಗಳು ಕೈ ಚಾಚಿದಳು.

"ಮುಟ್ಟಬ್ಯಾಡ ತಂಗಿ, ಮುಳ್ಳ ಹೊಡೀತೈತಿ" ಎಂದು ಆ ಹಿರಿಯರು ತಡೆದರು.

"ಏನಂತಾರ್ರೀ ಯಜಮಾನ್ರ ಇದಕ್ಕ?" ಎಂದು ನಾನು ಕೇಳಿದೆ.

"ಗಿರ್ಲು ಅಂತೀವ್ರಿ. ಮೀಸಿ ಇರೋ ಸಣ್ಣವು ಎಲ್ಲಾ ಗಿರ್ಲುನ. ಅದರಾಗ ಮತ್ತ ಬ್ಯಾರೆ ಬ್ಯಾರೆ ಅದಾವ್ರಿ."

ನಮ್ಮ ಹುಡುಗಿಗೆ ಪ್ರಾಣಿ ಸಿಕ್ಕಿತು. ಹಿರಿಯರು ಅದನ್ನು ಬಕೆಟ್ಟಿನ ನೀರಿಗೆ ಬಿಟ್ಟರು. ಮೇಲಿನಿಂದ, ಮಗ್ಗುಲಿನಿಂದ ಫೋಟೊ ತೆಗೆದುಕೊಂಡೆವು. ಅದನ್ನು ಮತ್ತೆ ಹೊಳೆಗೆ ಬಿಡಬಹುದೇ ಎಂದು ಆಕೆ ಸಣ್ಣ ದನಿಯಲ್ಲಿ ಕೇಳಿದಳು. "ಸಣ್ಣದೈತಿ, ಬಿಡೋಣು ತಗೋ" ಎಂದು ನಕ್ಕು ಬಿಟ್ಟುಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಆಕೆಯದು ಒಂದೇ ಪ್ರಶ್ನೆ: "ಗಿರ್ಲು ಅಂದ್ರ ಎಲ್ಲಾವಕ್ಕೂ ಗಿರ್ಲು. ಇದರ ಸ್ವಂತ ಹೆಸರೇನು?"

ಗುಮಾಸ್ತನ ಕಣ್ಣು

ಆ ಪ್ರಶ್ನೆ ನನಗೆ ಹಿಡಿಸಿತು. ಇದು ನನ್ನ ಹಳೆಯ ಕೆಲಸವೇ ಎನ್ನಿಸಿತು. ಖಾತೆ ತೆರೆದವರ ಸಹಿಯ ಮಾದರಿ ಕಾರ್ಡು ಬ್ಯಾಂಕಿನಲ್ಲಿ ಇರುತ್ತದೆ. ಚೆಕ್ಕು ಬಂದರೆ ಅದರ ಸಹಿಯನ್ನು ಕಾರ್ಡಿನ ಸಹಿಯ ಜೊತೆ ಹೋಲಿಸಿ ನೋಡಬೇಕು. ಒಂದು ಅಕ್ಷರ ಹೊಂದಿದರೆ ಸಾಲದು, ಬಾಗು, ಕೊಂಕು, ಬಾಲ ಎಲ್ಲ ಹೊಂದಬೇಕು. ಪ್ರಾಣಿಶಾಸ್ತ್ರದವರೂ ಇದನ್ನೇ ಮಾಡುತ್ತಾರೆ. ಹೊಸ ಪ್ರಾಣಿಗೆ ಹೆಸರಿಟ್ಟಾಗ ಅದರ ಒಂದು ಮಾದರಿಯನ್ನು ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಡುತ್ತಾರೆ. ಮುಂದೆ ಸಂಶಯ ಬಂದಾಗ ಅದನ್ನೇ ತೆಗೆದು ಹೋಲಿಸುತ್ತಾರೆ. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆಂದೇ 1916ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಶುರುವಾಯಿತು.

ಗ್ರಂಥಾಲಯದಲ್ಲಿ ಮೀನುಗಳ ಒಂದು ಹಳೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅಜ್ಜ ಮೊಮ್ಮಗಳು ಇಬ್ಬರೂ ಫೋಟೊ ಒಂದು ಕಡೆ, ಪುಸ್ತಕ ಒಂದು ಕಡೆ ಇಟ್ಟುಕೊಂಡು ಕೂತೆವು. ಮೀಸೆ ಇರುವ ಮೀನುಗಳಿಗೆ ಇಂಗ್ಲಿಷಿನಲ್ಲಿ ಕ್ಯಾಟ್‌ಫಿಶ್, ಅಂದರೆ ಬೆಕ್ಕು ಮೀನು ಎನ್ನುತ್ತಾರೆ. ಜಗತ್ತಿನಲ್ಲಿ ಇವುಗಳ 3,000ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಗಿರ್ಲುಗಳು 'ಮಿಸ್ಟಸ್' ಎಂಬ ಕುಲಕ್ಕೆ ಸೇರಿದವು. ಮನುಷ್ಯರ ಅಡ್ಡಹೆಸರು ಇದ್ದಂತೆ ಇದು ಕುಲದ ಹೆಸರು, ಅದರ ಮುಂದೆ ಜಾತಿಯ ಹೆಸರು ಬರುತ್ತದೆ.

ಮಕ್ಕಳೇ, ನಿಮಗೂ ಕೆರೆ ಹೊಳೆಯ ದಂಡೆಯಲ್ಲಿ ಇಂಥ ಮೀನು ಕಂಡರೆ ಏನೇನು ನೋಡಬೇಕು ಎಂಬುದನ್ನು ನಾವು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಮೀಸೆ ಎಣಿಸಿ. ಗಿರ್ಲಿಗೆ ನಾಲ್ಕು ಜೊತೆ, ಅಂದರೆ ಎಂಟು ಮೀಸೆ. ಮೂಗಿನ ಹತ್ತಿರ ಒಂದು ಜೊತೆ, ಮೇಲಿನ ದವಡೆಯ ಪಕ್ಕ ಒಂದು ಜೊತೆ, ಗದ್ದದ ಕೆಳಗೆ ಎರಡು ಜೊತೆ. ಮೇಲಿನ ದವಡೆಯದೇ ಎಲ್ಲಕ್ಕಿಂತ ಉದ್ದ. ಅದು ಮೈಯ ಪಕ್ಕ ಹಿಂದಕ್ಕೆ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ನೋಡಬೇಕು. ಇವು ಅಂದಕ್ಕೆ ಬಿಟ್ಟ ಮೀಸೆಯಲ್ಲ. ರುಚಿ ತಿಳಿಯುವ ಶಕ್ತಿ ಇವುಗಳಲ್ಲಿದೆ. ರಾಡಿ ನೀರಿನಲ್ಲಿ, ಕತ್ತಲಲ್ಲಿ, ಹೊಳೆಯ ತಳವನ್ನು ತಡವುತ್ತ ಮೀನು ಆಹಾರ ಹುಡುಕುವುದು ಇವುಗಳಿಂದಲೇ.

ಎರಡನೆಯದು ಬೆನ್ನು. ಬೆನ್ನ ಮೇಲೆ ಮುಂದೆ ಒಂದು ರೆಕ್ಕೆ ಎದ್ದು ನಿಂತಿರುತ್ತದೆ. ಅದರ ಹಿಂದೆ, ಬಾಲದ ಕಡೆಗೆ, ಕಡ್ಡಿಗಳಿಲ್ಲದ ಮೆತ್ತನೆಯ ಇನ್ನೊಂದು ರೆಕ್ಕೆ. ಇದಕ್ಕೆ ಕೊಬ್ಬಿನ ರೆಕ್ಕೆ ಎನ್ನೋಣ. ಅದು ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಎನ್ನುವುದು ಬಹಳ ಮುಖ್ಯ.

ಮೂರನೆಯದು ಗೆರೆ, ಚುಕ್ಕೆ, ಬಣ್ಣ. ಇದನ್ನು ಕಡೆಯಲ್ಲಿ ನೋಡಿ. ಮೀನು ಸತ್ತ ಮೇಲೆ ಬಣ್ಣ ಮಾಸುತ್ತದೆ. ಮಸಿಯ ಬಣ್ಣ ನೋಡಿ ಯಾವ ಗುಮಾಸ್ತನೂ ಚೆಕ್ಕು ಪಾಸು ಮಾಡುವುದಿಲ್ಲ.

ಪುಸ್ತಕದಲ್ಲಿ ಎರಡು ಚಿತ್ರಗಳು ನಮ್ಮ ಮೀನಿಗೆ ಹತ್ತಿರ ಇದ್ದವು. ಒಂದು 'ಮಿಸ್ಟಸ್ ವಿಟ್ಟೇಟಸ್'. ಲ್ಯಾಟಿನ್ ಭಾಷೆಯಲ್ಲಿ ವಿಟ್ಟಾ ಎಂದರೆ ಪಟ್ಟಿ. ಇದರ ಮೈಮೇಲೆ ಉದ್ದುದ್ದ ಕಪ್ಪು ಗೆರೆಗಳು, ಕಿವಿರಿನ ಹಿಂದೆ ಹೆಗಲ ಮೇಲೆ ಒಂದು ಕಪ್ಪು ಮಚ್ಚೆ. ಕೊಬ್ಬಿನ ರೆಕ್ಕೆ ಗಿಡ್ಡ, ಮುಂದಿನ ರೆಕ್ಕೆಯಿಂದ ದೂರ. ತಮಿಳುನಾಡಿನ ತರಂಗಂಬಾಡಿಯಿಂದ ಹೋದ ಮೀನಿಗೆ ಬರ್ಲಿನ್ ನಗರದ ಬ್ಲಾಖ್ ಎಂಬ ವೈದ್ಯ 1794ರಲ್ಲಿ ಇಟ್ಟ ಹೆಸರಿದು.

ಇದರ ಬಗ್ಗೆ ಇನ್ನೊಂದು ಸ್ವಾರಸ್ಯ ಇದೆ. 1875ರಿಂದ 1878ರವರೆಗೆ ಭಾರತದ ಮೀನುಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ ಫ್ರಾನ್ಸಿಸ್ ಡೇ ಎಂಬ ವೈದ್ಯ, ಮೈಸೂರು ಸೀಮೆಯಲ್ಲಿ ಇದಕ್ಕೆ ಪಿಟೀಲುಗಾರ ಎಂಬ ಹೆಸರಿದೆ ಎಂದು ದಾಖಲಿಸಿದ್ದಾನೆ. ಹಸಿ ನೆಲದ ಮೇಲಿದ್ದ ಒಂದನ್ನು ಆತ ಮುಟ್ಟಿದಾಗ ಅದು ಸಿಟ್ಟಿಗೆದ್ದು ಬೆನ್ನ ರೆಕ್ಕೆ ನಿಮಿರಿಸಿ ಜೇನುನೊಣದಂತೆ ಗುಂಯ್‌ಗುಟ್ಟಿತಂತೆ! ಈ ಕುಟುಂಬದ ಮೀನುಗಳು ಎದೆಯ ಮುಳ್ಳನ್ನು ಅದರ ಬುಡಕ್ಕೆ ತಿಕ್ಕಿ ಸದ್ದು ಮಾಡುತ್ತವೆ. ಪಿಟೀಲಿಗೆ ಕಮಾನು ತಿಕ್ಕಿದಂತೆ.

ನಮ್ಮ ಮೀನಿನ ಮೈಮೇಲೆ ಅಂಥ ಸಾಲು ಗೆರೆಗಳಿರಲಿಲ್ಲ. ಕೊಬ್ಬಿನ ರೆಕ್ಕೆ ಮುಂದಿನ ರೆಕ್ಕೆಯ ಬುಡದಿಂದಲೇ ಶುರುವಾಗಿ ಬಾಲದ ತನಕ ಉದ್ದಕ್ಕೆ ಸಾಗಿತ್ತು. ಮೀಸೆ ಬಾಲದ ಬುಡ ಮುಟ್ಟುತ್ತಿತ್ತು. ಬೆನ್ನ ಮುಳ್ಳಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಪುಸ್ತಕದ ಎರಡನೆಯ ಚಿತ್ರಕ್ಕೆ ಎಲ್ಲವೂ ತಾಳೆಯಾದವು. ಅದರ ಹೆಸರು 'ಮಿಸ್ಟಸ್ ಕವಾಸಿಯಸ್'.

"ಸಹಿ ಹೊಂದಿತು, ಚೆಕ್ಕು ಪಾಸು!" ಎಂದೆ. ಮೊಮ್ಮಗಳು ಚಾರ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ ದಪ್ಪಗೆ ಆ ಹೆಸರು ಬರೆದಳು.

ಶಾಖೆ ತಪ್ಪಿತ್ತು

ನಮ್ಮ ಓಣಿಯಲ್ಲಿ ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕರೊಬ್ಬರಿದ್ದಾರೆ. ನಾನು ಹೆಮ್ಮೆಯಿಂದ ಚಾರ್ಟು ಹಿಡಿದುಕೊಂಡು ಅವರ ಮನೆಗೆ ಹೋದೆ. ಅವರು ಫೋಟೊಗಳನ್ನು ನಿಧಾನವಾಗಿ ನೋಡಿ, ಗುರುತುಗಳನ್ನು ಸರಿಯಾಗಿ ಹಿಡಿದಿದ್ದೀರಿ ಎಂದು ಹೊಗಳಿದರು. ಆಮೇಲೆ ಮೊಮ್ಮಗಳನ್ನು ಕೇಳಿದರು, "ಯಾವ ಹೊಳಿ ಮೀನವ್ವಾ ಇದು?"

"ತುಂಗಭದ್ರಾ ರೀ ಸರ್."

"ಹಂಗಾರ ಹೆಸರ ತಪ್ಪೈತಿ. ನಿಮ್ಮ ಅಜ್ಜನ ಪುಸ್ತಕ ಹಳೇದು."

ಅವರು ಹೇಳಿದ ಕಥೆ ಇದು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಹೆಸರನ್ನು ಹಿರಿಯರು ಕೇಳಿರಬಹುದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನೆಲ್ಲ ಸುತ್ತಿ ಬೆಳೆ, ನೆಲ, ಜನ ಎಲ್ಲವನ್ನೂ ಬರೆದಿಟ್ಟವನು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಸೇರಿಸಿಕೊಂಡ. ಇದೇ ಮನುಷ್ಯ 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ಪುಸ್ತಕ ಪ್ರಕಟಿಸಿದ. ಬಂಗಾಳದಲ್ಲಿ 'ಕಾಬಾಸಿ ಟ್ಯಾಂಗ್ರಾ' ಎಂದು ಕರೆಯುತ್ತಿದ್ದ ಮೀನಿಗೆ ಅದರಲ್ಲಿ ಕವಾಸಿಯಸ್ ಎಂಬ ಹೆಸರು ಬಂತು.

ಹದಿನೇಳು ವರ್ಷಗಳ ಮೇಲೆ, 1839ರಲ್ಲಿ, ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿ ದಖನ್ ಸೀಮೆಯ ಮೀನುಗಳನ್ನು ವರ್ಣಿಸಿದ. ಪುಣೆಯ ಸುತ್ತಿನ ನದಿಗಳ ಮೀನುಗಳವು. ಸ್ಥಳೀಯರು ಕರೆಯುವ ಮರಾಠಿ ಹೆಸರನ್ನೇ ಉಳಿಸಿಕೊಳ್ಳುವುದು ಅವನ ಒಳ್ಳೆಯ ರೂಢಿ. ಹಾಗೆ ಒಂದು ಮೀಸೆ ಮೀನಿಗೆ 'ಸೀಂಗ್ಟೀ' ಎಂದು ಹೆಸರಿಟ್ಟ. ಆದರೆ ಆಮೇಲೆ ಬಂದವರು ಈ ಸೀಂಗ್ಟೀಯೂ ಗಂಗೆಯ ಕವಾಸಿಯಸ್ಸೂ ಒಂದೇ ಎಂದು ತೀರ್ಮಾನಿಸಿದರು. ಹಳೆಯ ಹೆಸರು ಉಳಿಯಬೇಕೆಂಬುದು ನಿಯಮ. 1822ರದು ಉಳಿಯಿತು, 1839ರದು ಮರೆಯಾಯಿತು. ನೂರಕ್ಕೂ ಹೆಚ್ಚು ವರ್ಷ ದಕ್ಷಿಣದ ಮೀನು ಉತ್ತರದ ಮೀನಿನ ಖಾತೆಯಲ್ಲೇ ಜಮೆಯಾಗುತ್ತ ಹೋಯಿತು.

2005ರಲ್ಲಿ ಪ್ರಶಾಂತ ಚಕ್ರವರ್ತಿ ಮತ್ತು ಹಿಯೋಕ್ ಹೀ ಎನ್‌ಜಿ ಎಂಬ ಇಬ್ಬರು ಮೀನು ತಜ್ಞರು ಈ ಖಾತೆಯನ್ನು ತೆರೆದು ತಪಾಸಣೆ ಮಾಡಿದರು. ಬೇರೆ ಬೇರೆ ನದಿಗಳಿಂದ ತಂದು ಕವಾಸಿಯಸ್ ಎಂದು ಚೀಟಿ ಅಂಟಿಸಿದ್ದ ಮಾದರಿಗಳನ್ನು ಹೋಲಿಸಿದರು. ಒಂದೇ ಹೆಸರಿನ ಕೆಳಗೆ ಮೂರು ಜಾತಿಗಳಿದ್ದವು! ಗಂಗಾ, ಬ್ರಹ್ಮಪುತ್ರಾ, ಮಹಾನದಿಗಳ ಕಡೆಯದು ನಿಜವಾದ ಕವಾಸಿಯಸ್. ಮ್ಯಾನ್ಮಾರ್ ದೇಶದ್ದು ಅದುವರೆಗೆ ಹೆಸರೇ ಇಲ್ಲದ ಹೊಸ ಜಾತಿ, ಅದಕ್ಕೆ ಫಾಲ್ಕೇರಿಯಸ್ ಎಂದು ಕರೆದರು. ನಮ್ಮ ದಕ್ಷಿಣದ ನದಿಗಳದಕ್ಕೆ ಸೈಕ್ಸ್ ಇಟ್ಟಿದ್ದ ಹಳೆಯ ಹೆಸರೇ ಮರಳಿ ಬಂತು. 'ಮಿಸ್ಟಸ್ ಸೀಂಗ್ಟೀ'.

"ಹೊಳಿ ಯಾವುದಂತ ಅದಕ್ಕ ಕೇಳಿದೆ" ಎಂದು ಅಧ್ಯಾಪಕರು ಭೂಪಟ ಬಿಡಿಸಿದರು. ಪುಣೆಯ ಮುಳಾ ಮುಠಾ ನದಿ ಭೀಮೆಗೆ ಸೇರುತ್ತದೆ. ಭೀಮೆ ರಾಯಚೂರಿನ ಕಡೆ ಕೃಷ್ಣೆಗೆ ಸೇರುತ್ತದೆ. ನಮ್ಮ ತುಂಗಭದ್ರೆಯೂ ಮುಂದೆ ಕೃಷ್ಣೆಗೇ ಸೇರುತ್ತದೆ. ಸೈಕ್ಸ್ ಕಂಡ ಮೀನಿಗೂ ಸಿಂಗಟಾಲೂರಿನ ಮೀನಿಗೂ ನೀರಿನ ನಂಟಿದೆ. ಗಂಗೆಗೂ ಕೃಷ್ಣೆಗೂ ಆ ನಂಟಿಲ್ಲ. ಮೀನು ಗುಡ್ಡ ಹತ್ತಿ ಇಳಿದು ಇನ್ನೊಂದು ನದಿಗೆ ಹೋಗಲಾರದು.

"ಅದಕ್ಕ ಸಿಂಗಟಾಲೂರು ಅಂತ ಹೆಸರು ಬಂತೇನ್ರಿ ಸರ್? ಸೀಂಗ್ಟೀ, ಸಿಂಗಟಾಲೂರು!" ಎಂದು ನಮ್ಮ ಹುಡುಗಿ ಕಣ್ಣರಳಿಸಿದಳು.

ಅವರು ನಕ್ಕರು. "ಸದ್ದು ಕೂಡಿತು ಅಂತ ಸಂಬಂಧ ಕಟ್ಟಬ್ಯಾಡವ್ವಾ. ಒಂದ ಗುರುತಿನ ಮ್ಯಾಲೆ ಹೆಸರ ಹೇಳಬಾರದು."

ಶಿರಹಟ್ಟಿಯ ಆ ಸೋಮವಾರ

ಮನೆಗೆ ಬಂದು ಮೊಮ್ಮಗಳು ಒಂದು ಮಾತು ಕೇಳಿದಳು. "ನೋಡಾಕ ಒಂದ ಥರ ಅದಾವು. ಯಾವ ಹೆಸರು ಬರದ್ರೇನು ಅಜ್ಜಾ? ಮೀನಿಗೇನ ತಿಳೀತೈತಿ?"

ಅದಕ್ಕೆ ಉತ್ತರವಾಗಿ, ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ಆಕೆಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮೂರೂ ಊರುಗಳಲ್ಲಿ ನಾನು ಕೆಲಸ ಮಾಡಿದವನು. ಕಂಪ್ಯೂಟರ್ ಇನ್ನೂ ಬಂದಿರದ ಕಾಲ, ಎಲ್ಲವೂ ಕೈಬರಹ. ಶಿರಹಟ್ಟಿ ಸೀಮೆಯಲ್ಲಿ ಫಕೀರೇಶ್ವರನ ಭಕ್ತಿಯಿಂದ ಫಕೀರಪ್ಪ ಎಂಬ ಹೆಸರು ಓಣಿಗೆ ನಾಲ್ಕು. ಹಾಗೆ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಇಬ್ಬರು ರೈತರ ಖಾತೆ ನಮ್ಮಲ್ಲಿದ್ದವು. ಹಳ್ಳಿ ಮಾತ್ರ ಬೇರೆ. ಶೇಂಗಾ ಮಾರಿದ ಹಣವನ್ನು ಒಬ್ಬರು ತಂದು ಕಟ್ಟಿದರು. ನಾನು ಹೆಸರು ನೋಡಿದೆ, ಹಳ್ಳಿಯ ಹೆಸರು ನೋಡಲಿಲ್ಲ. ಅವರ ಹಣವನ್ನು ಇನ್ನೊಬ್ಬರ ಖಾತೆಗೆ ಬರೆದುಬಿಟ್ಟೆ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ, ಒಂದು ಸೋಮವಾರ, ಅವರು ಬೀಜಕ್ಕೆಂದು ಹಣ ತೆಗೆಯಲು ಬಂದರು. ನಾನೇ ಲೆಡ್ಜರು ನೋಡಿ, "ಅಷ್ಟು ರೊಕ್ಕ ನಿಮ್ಮ ಖಾತೇದಾಗ ಇಲ್ರಿ" ಎಂದೆ. ಅವರು ಜಗಳ ಮಾಡಲಿಲ್ಲ. ಓದು ಬರದ ಮನುಷ್ಯ, ಪುಸ್ತಕ ಹೇಳಿದ್ದೇ ಸರಿಯಿರಬೇಕು ಎಂದುಕೊಂಡರೋ ಏನೋ, ಪಟಕಾ ಸರಿಮಾಡಿಕೊಂಡು ಸುಮ್ಮನೆ ಹೊರಟುಹೋದರು.

ತಿಂಗಳ ಕೊನೆಗೆ ಖಾತೆ ತಾಳೆ ನೋಡುವಾಗ ಇದು ಸಿಗಲೇ ಇಲ್ಲ. ಒಟ್ಟು ಮೊತ್ತ ಪೈಸೆಗೆ ಪೈಸೆ ಸರಿಯಿತ್ತು! ಹಣ ಎಲ್ಲಿಯೂ ಹೋಗಿರಲಿಲ್ಲ, ಬೇರೆಯವರ ಹೆಸರಿನಲ್ಲಿತ್ತು. ಆ ಇನ್ನೊಬ್ಬ ರೈತರು ಬಂದು, "ನನ್ನ ಖಾತೇದಾಗ ರೊಕ್ಕ ಹೆಚ್ಚಾಗೇತಿ, ನೋಡ್ರಿ" ಎಂದು ಹೇಳಿದಾಗಲೇ ನನಗೆ ಗೊತ್ತಾದದ್ದು. ಅವರ ಪ್ರಾಮಾಣಿಕತೆ ದೊಡ್ಡದು. ಅದೇ ಸಂಜೆ ಸೈಕಲ್ ಹತ್ತಿ ಮೊದಲಿನವರ ಹಳ್ಳಿಗೆ ಹೋದೆ. ಅವರು ಬಡ್ಡಿಗೆ ಸಾಲ ತಂದು ಬಿತ್ತನೆ ಮುಗಿಸಿದ್ದರು. ತಪ್ಪೊಪ್ಪಿಕೊಂಡೆ. ಅವರ ಮನೆಯವರು ನನಗೆ ತಂಬಿಗೆ ತುಂಬ ಮಜ್ಜಿಗೆ ಕೊಟ್ಟರು. ಆ ಮಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ.

"ಒಟ್ಟು ಸರಿ ಇತ್ತು ಅಂದ್ರ ಖೋಟಾ ಹಿಂಗ ಮುಚ್ಚಿ ಹೋಗ್ತೈತಿ ನೋಡು" ಎಂದೆ ಮೊಮ್ಮಗಳಿಗೆ. ಗಂಗೆ, ಬ್ರಹ್ಮಪುತ್ರೆ, ಕೃಷ್ಣೆ ಎಲ್ಲ ಕಡೆಯ ಮೀನನ್ನೂ ಒಂದೇ ಕವಾಸಿಯಸ್ ಎಂದು ಬರೆದರೆ ಆ ಖಾತೆ ಯಾವಾಗಲೂ ತುಂಬಿದಂತೆ ಕಾಣುತ್ತದೆ. ದೇಶದ ತುಂಬ ಇರುವ ಮೀನು, ಅದಕ್ಕೇನು ಭಯ ಎಂದು ಎಲ್ಲರೂ ನಿಶ್ಚಿಂತರಾಗಿರುತ್ತಾರೆ. ನಮ್ಮ ಹೊಳೆಗೆ ಹೊಲಸು ಸೇರಿ, ಮರಳು ತೋಡಿ, ನೀರು ಬತ್ತಿ ನಮ್ಮ ಮೀನು ಕಡಿಮೆಯಾದರೂ ಪುಸ್ತಕದಲ್ಲಿ ಅದು ಕಾಣುವುದಿಲ್ಲ. ಸೀಂಗ್ಟೀಗೆ ಅದರದೇ ಖಾತೆ ಇದ್ದರೆ ಮಾತ್ರ, ಅದರಲ್ಲಿ ಎಷ್ಟು ಉಳಿದಿದೆ ಎಂದು ಕೇಳುವವರು ಹುಟ್ಟುತ್ತಾರೆ. ಗದಗ-ಬೆಟಗೇರಿಯ ನಾವು ಕುಡಿಯುವುದೂ ಅದೇ ತುಂಗಭದ್ರೆಯ ನೀರು. ಆ ಹೊಳೆಯಲ್ಲಿ ಮೀನು ಹೇಗಿದೆ ಎಂದು ಕೇಳುವುದು ನಮ್ಮ ಕೊಡದ ನೀರು ಹೇಗಿದೆ ಎಂದು ಕೇಳಿದಂತೆಯೇ.

ನೋಡುವವರಿಗೆ ಎರಡು ಮಾತು

ಮಕ್ಕಳೇ, ಮೀಸೆ ಮೀನನ್ನು ಬರಿಗೈಯಲ್ಲಿ ಹಿಡಿಯಬೇಡಿ. ಬೆನ್ನಿನಲ್ಲಿ ಒಂದು, ಎದೆಯ ಎರಡೂ ಪಕ್ಕ ಒಂದೊಂದು, ಹೀಗೆ ಮೂರು ಗಟ್ಟಿ ಮುಳ್ಳುಗಳಿರುತ್ತವೆ. ಎದೆಯ ಮುಳ್ಳಿನ ಹಿಂಬದಿಗೆ ಗರಗಸದಂಥ ಹಲ್ಲು. ಹೆದರಿದಾಗ ಮೀನು ಅವನ್ನು ನಿಮಿರಿಸಿ ಬಿಗಿಮಾಡಿಕೊಳ್ಳುತ್ತದೆ. ಚಿಕ್ಕವನಿದ್ದಾಗ ಲಕ್ಷ್ಮೇಶ್ವರದ ಕೆರೆಯಲ್ಲಿ ಒಂದು ಸಾರೆ ಚುಚ್ಚಿಸಿಕೊಂಡು ರಾತ್ರಿಯಿಡೀ ಅತ್ತವನು ನಾನು. ಚುಚ್ಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ. ಆಮೇಲೆ ಡಾಕ್ಟರಿಗೆ ತೋರಿಸಿ. ದೊಡ್ಡವರಿಲ್ಲದೆ ನೀರಿಗೆ ಇಳಿಯಬೇಡಿ.

ನನ್ನ ವಯಸ್ಸಿನವರಿಗೂ ಒಂದು ಮಾತು. ಹೊಳೆಯ ದಂಡೆಯ ಅಂಬಿಗರನ್ನು, ಬಲೆ ಬೀಸುವವರನ್ನು ಮೊಮ್ಮಕ್ಕಳ ಎದುರಿಗೆ ಮಾತಾಡಿಸಿ. ಕವಾಸಿಯಸ್, ಸೀಂಗ್ಟೀ ಎರಡೂ ಪಂಡಿತರ ಹೆಸರೆಂದು ಕಂಡರೂ ಅವು ಬಂಗಾಳದ, ಮಹಾರಾಷ್ಟ್ರದ ಜನರ ಬಾಯಿಯಿಂದ ಬಂದವು. ಹ್ಯಾಮಿಲ್ಟನ್, ಸೈಕ್ಸ್ ಇಬ್ಬರೂ ಅವನ್ನು ಕೇಳಿ ಬರೆದುಕೊಂಡವರು. "ಅದರಾಗ ಬ್ಯಾರೆ ಬ್ಯಾರೆ ಅದಾವ್ರಿ" ಎಂದು ಸಿಂಗಟಾಲೂರಿನ ಹಿರಿಯರು ನನಗೂ ಮೊದಲೇ ಹೇಳಿದ್ದರು. ನಾನು ಕಿವಿಗೊಡಲಿಲ್ಲ, ಅಷ್ಟೇ.

ಚಾರ್ಟು ಬದಲಾಯಿಸಲು ಹೊಸ ಹಾಳೆ ತರುತ್ತೇನೆ ಎಂದೆ. ಮೊಮ್ಮಗಳು ಬೇಡವೆಂದಳು. ಬ್ಯಾಂಕಿನಲ್ಲಿ ತಪ್ಪು ಬರೆದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ತಪ್ಪನ್ನು ಅಳಿಸಬಾರದು, ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕಕ್ಕೆ ಬರೆದು, ತಿದ್ದಿದವರು ಸಹಿ ಹಾಕಬೇಕು ಎಂದು ಹೇಳಿದೆ. ಆಕೆ ಸ್ಕೇಲು ಇಟ್ಟು ಕವಾಸಿಯಸ್ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಸೀಂಗ್ಟೀ ಎಂದು ಬರೆದಳು. ಕೆಳಗೆ 'ಹೊಳೆ: ತುಂಗಭದ್ರಾ, ಊರು: ಸಿಂಗಟಾಲೂರು, ಮುಂಡರಗಿ ತಾಲ್ಲೂಕು' ಎಂದು ಸೇರಿಸಿದಳು. ಆಮೇಲೆ ಪೆನ್ನು ನನ್ನ ಕೈಗೆ ಕೊಟ್ಟಳು.

"ತಪ್ಪು ಯಾರದು ಅಜ್ಜಾ? ನೀವ ಸಹಿ ಹಾಕ್ರಿ."

ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ, ತಿದ್ದಿದ ಜಾಗದಲ್ಲಿ ಪೂರ್ತಿ ಸಹಿ ಹಾಕಿದೆ.